ಆಟಕ್ಕೆಂದು ಕೇಳಿದ ನೀರು

ಕೊಡಸೆ ಕಣಿವೆ,
ಫೆಬ್ರವರಿ ೩೦, ೨೧೮೭

ಪ್ರೀತಿಯ ಫಿಲೋಮಿನಾ ಅಜ್ಜಿಯವರಿಗೆ,

ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಇಪ್ಪತ್ತಾರು ವರ್ಷ ವಯಸ್ಸಿನ ನಿಮ್ಮನ್ನು ಅಜ್ಜಿ ಎಂದಿದ್ದಕ್ಕೂ ಸಿಟ್ಟಾಗಬೇಡಿ. ನಾನು ನಿಮ್ಮ ಮರಿಮಗಳ ಮರಿಮಗಳು, ಜುಲಿಯಾನಾ ಸಿದ್ದಿ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ, ಅವು ನಿಮ್ಮ ನಂತರ ಹುಟ್ಟಿದವು.

ನಾಳೆ ನಿಮ್ಮೂರ ಶಾಲೆಯಲ್ಲಿ ಅಣೆಕಟ್ಟಿನ ಪರವಾನಗಿ ನವೀಕರಣದ ಸಭೆಯಿದೆ. ಹೊಳೆಯ ನೀರನ್ನೆಲ್ಲ ಸುರಂಗದಲ್ಲಿ ವಿದ್ಯುತ್ ಮನೆಗೆ ಒಯ್ಯುವ ಕಂಪನಿಗೆ ಇನ್ನೂ ನಲವತ್ತು ವರ್ಷ ಬೇಕಂತೆ. ಅಣೆಕಟ್ಟಿನ ಕೆಳಗೆ ಬರೀ ಒಣ ಬಂಡೆ. ನೀವು ಹುಟ್ಟು ಹಾಕುವ ರಬ್ಬರ್ ದೋಣಿ, ಆ ರಾಫ್ಟ್, ನೀರಿಗಿಳಿಯುವುದು ಮಳೆಗಾಲದಲ್ಲಿ ಮಾತ್ರ. ವಾರಕ್ಕೊಂದು ದಿನ ಗೇಟು ತೆರೆಯಿರಿ ಎಂದು ಕೇಳುವ ಆಸೆ ನಿಮಗಿದೆ. ಆದರೆ ಕುಡಿಯಲು, ಗದ್ದೆಗೆ ನೀರು ಕೇಳುವವರ ನಡುವೆ ಆಟಕ್ಕೆ ಕೇಳಲು ನಾಚಿಕೆಯಾಗಿ, ಮನೆಯಲ್ಲೇ ಉಳಿಯಲು ಜ್ವರದ ನೆಪ ಹುಡುಕುತ್ತಿದ್ದೀರಿ. ನೀವು ಹೋಗುತ್ತೀರೆಂದು ಗೊತ್ತಿದ್ದರೂ ಈ ಕಾಗದ ಬರೆಯಲು ಕುಳಿತಿದ್ದೇನೆ.

ಅಲ್ಲಿ ನೀವೊಂದು ಎಡವಟ್ಟು ಮಾಡುತ್ತೀರಿ. ವಾರಕ್ಕೊಂದು ದಿನ ಎನ್ನುತ್ತೀರಿ, ಯಾವ ದಿನವೆಂದು ಹೇಳುವುದಿಲ್ಲ. ಯಾರೂ ಬರದಿರಲೆಂದು ಕಂಪನಿಯವರು ಬೇಕಂತಲೇ ಮಂಗಳವಾರ ಕೊಡುತ್ತಾರೆ. ರಾಫ್ಟಿನವರೆಲ್ಲ ನಿಮಗೆ ಹಿಡಿಶಾಪ ಹಾಕುತ್ತಾರೆ. ದಯವಿಟ್ಟು ಅದನ್ನು ತಿದ್ದಿಕೊಳ್ಳಬೇಡಿ. ದಿನ ಬದಲಾಗಲಿಲ್ಲ, ಹಾಗಾಗಿ ಕಣಿವೆಯೇ ಬದಲಾಯಿತು. ಮೊದಲು ಮಕ್ಕಳು ಶಾಲೆಗೆ ಚಕ್ಕರ್ ಹೊಡೆದರು, ಆಮೇಲೆ ಮೇಷ್ಟ್ರುಗಳೂ. ಕೊನೆಗೆ ಶಾಲೆ ಭಾನುವಾರ ತೆರೆದು ಮಂಗಳವಾರ ಮುಚ್ಚಿತು. ಆ ದಿನವನ್ನು ನಾವೀಗ ಹೊಳೆವಾರ ಎನ್ನುತ್ತೇವೆ. ಬೆಳಿಗ್ಗೆ ಸೈರನ್ ಕೂಗಿದೊಡನೆ ಬಂಡೆಯ ಮೇಲೆ ಒಣಹಾಕಿದ ಬಟ್ಟೆ ಬಾಚಿಕೊಂಡು ಎಲ್ಲರೂ ದಡ ಸೇರುತ್ತೇವೆ. ಮೊದಲು ತರಗೆಲೆ ಹೊತ್ತ ಕೆಂಪು ನೀರು, ಅದರ ಹಿಂದೆ ಬಿಳಿ ನೊರೆ. ಮಧ್ಯಾಹ್ನ ಒದ್ದೆಯೂಟ, ಅಂದರೆ ನೆನೆದ ಬಟ್ಟೆಯಲ್ಲೇ ಕುಳಿತು ಉಣ್ಣುವ ಗಂಜಿ, ಒಣಮೀನಿನ ಚಟ್ನಿ. ಮುಖ ನೋಡದಷ್ಟು ಜಗಳವಾಡಿದವರೂ ಒಂದೇ ರಾಫ್ಟ್ ಹತ್ತಿದರೆ ಜೊತೆಯಾಗಿ ಹುಟ್ಟು ಹಾಕಲೇಬೇಕು. ನನ್ನ ಸಂಸಾರ ಉಳಿದದ್ದೇ ಹಾಗೆ. ಬಿಟ್ಟ ನೀರಿನಿಂದ ನಿಮ್ಮ ಕಾಲದ ಬತ್ತಿದ ಬಾವಿಗಳೂ ತುಂಬಿವೆ, ಆದರೆ ನಾಳೆ ಅದನ್ನು ಹೇಳಿ ಬಚಾವಾಗಬೇಡಿ.

ನೀರು ಯಾತಕ್ಕೆಂದು ಕಂಪನಿಯ ಎಂಜಿನಿಯರ್ ಕೇಳುತ್ತಾರೆ. ನೀವು ಮೀನು, ಬಾವಿ ಎಂದು ತಡವರಿಸಿ, ಕೊನೆಗೆ "ಆಡಾಕರೀ ಸಾಹೇಬ್ರ, ಮತ್ತೇನ್ ಹೇಳ್ಲಿ?" ಎನ್ನುತ್ತೀರಿ. ಸಭೆ ಗೊಳ್ಳೆಂದು ನಗುತ್ತದೆ. ಆ ನಗುವಿನಲ್ಲೇ ಒಬ್ಬೊಬ್ಬರಾಗಿ ನಿಮ್ಮ ಪರ ಕೈ ಎತ್ತುತ್ತಾರೆ.

ನಲವತ್ತು ವರ್ಷಕ್ಕೊಮ್ಮೆ ಬರುವ ಆ ಸಭೆ ನಾಳೆ ನಮ್ಮಲ್ಲೂ ಇದೆ. ಈ ಸಲ ಮಾತಾಡಬೇಕಾದವಳು ನಾನು. ಅದೇ ಪ್ರಶ್ನೆ ಕೇಳುತ್ತಾರೆ. ನಿಜ ಹೇಳಬೇಕೆಂದರೆ, ಬೆಳಿಗ್ಗೆಯಿಂದ ನನಗೂ ಸ್ವಲ್ಪ ಜ್ವರ ಬಂದಂತಿದೆ. ನೀವು ಮೊದಲು ಎದ್ದು ನಿಲ್ಲಿ ಅಜ್ಜಿ, ನಿಮ್ಮ ಹಿಂದೆಯೇ ನಾನೂ ಎದ್ದು ನಿಲ್ಲುತ್ತೇನೆ.

ನಿಮ್ಮ,
ಜುಲಿಯಾನಾ