ರೊಪ್ಪದಲ್ಲಿ ಕೂಗಿದ ಮರಿಗಳು

ಚಿತ್ರದುರ್ಗ, ೧೨-೩-೧೯೭೬

ಅಪ್ಪಾ,

ನೀನು ತೀರಿಕೊಂಡು ಎರಡು ವರ್ಷ ಆದಮೇಲೆ ಬರೀತಿದೀನಿ. ಕುರಿಗಳ ಕೆಮ್ಮಿನ ರೋಗವನ್ನ ರಕ್ತದಲ್ಲೇ ಪತ್ತೆ ಹಚ್ಚೋ ಪರೀಕ್ಷೇನ ನಮ್ಮ ಲ್ಯಾಬಿನಲ್ಲಿ ಇನ್ನೂ ತಿದ್ದುತ್ತಾ ಇದೀವಿ. ಕೆಮ್ಮೋ ಹಿಂಡಿನಿಂದ ರಕ್ತ ತಂದರೂ ರೋಗ ಇಲ್ಲ ಅಂತಲೇ ಬರ್ತಿತ್ತು. ಪರೀಕ್ಷೆಯೇ ಸರಿಯಿಲ್ಲ ಅಂದ್ರು ಡಾಕ್ಟ್ರು. ನನಗೆ ಕುರಿ ಕಾಯೋರ ಮೇಲೆ ಅನುಮಾನ.

ಇವತ್ತು ಶ್ರೀರಾಂಪುರದ ಹತ್ತಿರ ಕಾಟಲಿಂಗಪ್ಪನ ಕುರಿರೊಪ್ಪಕ್ಕೆ ಹೋದೆ. ಅವನು ಒಂದೊಂದೇ ಕುರಿ ಹಿಡಿದುಕೊಟ್ಟ, ನಾನು ಕತ್ತಿನಿಂದ ರಕ್ತ ತೆಗೆದೆ. ಎಲ್ಲಾ ಗಟ್ಟಿಮುಟ್ಟಾದವೇ. ಆದ್ರೆ ಗೂಡಿನಲ್ಲಿ ಹಾಲು ಕುಡಿಯೋ ಮರಿಗಳು ಒಂದೇ ಸಮ ಕೂಗ್ತಿದ್ವು. ಒಂದು ತಾಯೀನೂ ಓಗೊಡಲಿಲ್ಲ.

“ಇವುಗಳ ತಾಯಿಗಳು ಎಲ್ಲಿ?” ಅಂದೆ.

“ರೋಗ ಐತೆ ಅಂತ ಬರಕಂಡ್ರೆ ಹಿಂಡನ್ನೇ ಕೊಂದು ಹೂಳಿಸ್ತೀರಿ, ಸ್ವಾಮಿ,” ಅಂದ. ಕೆಮ್ಮೋವನ್ನೆಲ್ಲ ಹಳ್ಳದಾಚೆ ಅಟ್ಟಿದ್ದ.

ಬಸ್ಸಿನಲ್ಲಿ ಅವನನ್ನ ಬೈಕೊಂಡೇ ಬಂದೆ. ಹೊಳಲ್ಕೆರೆ ದಾಟೋ ಹೊತ್ತಿಗೆ ನಮ್ಮ ರೊಪ್ಪ ನೆನಪಾಯ್ತು.

ನಮ್ಮ ಹಿಂಡಿನ ರಕ್ತ ತೆಗೆಯೋಕೆ ನಾನು ಬಂದ ದಿನ ನಮ್ಮ ಮರಿಗಳೂ ಹಿಂಗೇ ಕೂಗಿದ್ವು. “ಬಿಸಿಲಿಗೆ ಕೂಗ್ತಾವೆ ಬಿಡಲೇ,” ಅಂದಿದ್ದೆ ನೀನು. ರೋಗ ಇಲ್ಲ ಅಂತ ನಾನೇ ಬರೆದುಕೊಟ್ಟೆ. ದೀಪಾವಳಿ ಹೊತ್ತಿಗೆ ಒಂದು ಕುರೀನೂ ಉಳಿದಿರಲಿಲ್ಲ.

ನಾನೂ ಕುರಿ ಕಾಯೋರ ಮನೇಲೇ ಹುಟ್ಟಿದವನು, ಅಪ್ಪಾ. ಬಿಸಿಲಿಗೆ ಮರಿ ಹಂಗೆ ಕೂಗಲ್ಲ ಅಂತ ಆವತ್ತೂ ಗೊತ್ತಿತ್ತು.