ಪಿಸುಮಾತು ಸೋಸುವ ಕೆಲಸ

ಜೂನ್ 3, ಮಂಗಳವಾರ

ಗೇಟಿನಲ್ಲಿ ಕಾರ್ಡ್ ಇವತ್ತೂ ಕೈಕೊಟ್ಟಿತು. ‘ಇಂಟರ್ನ್ ಕಾರ್ಡುಗಳ ಹಣೆಬರಹವೇ ಇಷ್ಟು, ಉಜ್ಜಿ ತೋರಿಸಿ’ ಎಂದರು ಸೆಕ್ಯುರಿಟಿಯವರು. ಪ್ಯಾಂಟಿಗೆ ಉಜ್ಜಿ ತೋರಿಸಿದೆ. ಬಾಗಿಲು ತೆರೆಯಿತು.

ಐದನೇ ಮಹಡಿ. ಪಕ್ಕದ ಸೀಟಿನ ಇಂಟರ್ನ್ ಆಗಲೇ ಬಂದು ಕೂತಿದ್ದ. ಇವನಿಗೆ ಗಿಣಿ ಅಂತ ಹೆಸರಿಟ್ಟಿದ್ದೇನೆ. ಟ್ರೈನಿಂಗ್‌ನಲ್ಲಿ ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸುತ್ತಾನೆ. ‘ಕಾಲು ಕುಣಿಸಬೇಡ ಕಣೇ, ನನ್ನ ಟೇಬಲ್ಲೂ ಅಲ್ಲಾಡುತ್ತೆ’ ಅಂದ. ಕುಣಿಸುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ.

ಕೆಲಸ ಅದೇ. ಮನೆಯಲ್ಲಿಟ್ಟು ಮಾತಾಡಿಸಿದರೆ ಉತ್ತರ ಕೊಡುವ ಸ್ಪೀಕರು ಈ ಕಂಪನಿಯದು. ಜೋರಾಗಿ ಕೇಳಿದರೆ ಸರಿ. ಪಿಸುಗುಟ್ಟಿದರೆ ತಲೆಬುಡ ತಿಳಿಯುವುದಿಲ್ಲ. ಅದಕ್ಕೆ ಪಿಸುಮಾತು ಕಲಿಸುವುದು ನನ್ನ ಇಂಟರ್ನ್‌ಶಿಪ್ ಪ್ರಾಜೆಕ್ಟ್. ಟ್ರಯಲ್‌ಗೆ ಒಪ್ಪಿಕೊಂಡ ಮನೆಗಳಿಂದ ರೆಕಾರ್ಡಿಂಗ್ ಬರುತ್ತದೆ. ಅದರಲ್ಲಿ ಪಿಸುಮಾತನ್ನಷ್ಟೇ ಸೋಸುವ ಪ್ರೋಗ್ರಾಮ್ ಬರೆದಿದ್ದೇನೆ. ಸೋಸಿ ಬಂದದ್ದನ್ನು ಕೇಳುವುದು, ಏನು ಹೇಳಿದರೋ ಟೈಪ್ ಮಾಡುವುದು. ಹೆಸರಿಲ್ಲ, ವಿಳಾಸವಿಲ್ಲ. ಸ್ಪೀಕರಿನ ನಂಬರ್ ಒಂದೇ.

ಜನ ಏಕೆ ಪಿಸುಗುಟ್ಟುತ್ತಾರೆ? ಮಗು ಮಲಗಿದೆ. ಅತ್ತೆ ಪಕ್ಕದ ರೂಮಿನಲ್ಲಿದ್ದಾರೆ. ಇವತ್ತೊಬ್ಬ ತನ್ನ ಹೆಂಡತಿಯ ಹುಟ್ಟಿದ ದಿನ ಯಾವಾಗ ಅಂತ ಸ್ಪೀಕರನ್ನು ಕೇಳುತ್ತಿದ್ದ. ಪಾಪ, ಅದಕ್ಕೆ ಹೇಗೆ ಗೊತ್ತಾಗಬೇಕು.

ಜೂನ್ 6, ಶುಕ್ರವಾರ

ಹಾಸ್ಟೆಲ್ ರೂಮಿಗೆ ಬಂದು ಮನೆಗೆ ಫೋನ್ ಮಾಡಿದೆ. ಅಪ್ಪನಿಗೂ ಸ್ಪೀಕರಿಗೂ ಇವತ್ತೂ ಜಗಳವಂತೆ. ಇಂಟರ್ನ್‌ಗಳಿಗೆಲ್ಲ ಮನೆಯಲ್ಲಿ ಟ್ರಯಲ್‌ಗೆ ಇಡಿ ಅಂತ ಒಂದೊಂದು ಕೊಟ್ಟಿದ್ದರು. ನಾನು ನಮ್ಮ ಅಡುಗೆಮನೆಯಲ್ಲಿ ಇಟ್ಟು ಬಂದೆ. ಅಪ್ಪ ಮೂವತ್ತು ವರ್ಷ ಮಗ್ಗಗಳ ಸದ್ದಿನ ನಡುವೆ ಕೆಲಸ ಮಾಡಿ ಕಿವಿ ಕಳೆದುಕೊಂಡವರು. ಸ್ಪೀಕರು ಹೇಳಿದ್ದು ಇವರಿಗೆ ಕೇಳುವುದಿಲ್ಲ, ‘ಬಾಯಿ ಬಿಡೋ’ ಅಂತ ಅದನ್ನೇ ಬಯ್ಯುತ್ತಾರೆ. ಅಮ್ಮನದು ತದ್ವಿರುದ್ಧ. ಶಾಲೆಯ ಲೈಬ್ರರಿಯಲ್ಲಿ ಮೆಲ್ಲಗೆ ಮಾತಾಡಿ ಮಾತಾಡಿ ದನಿಯೇ ಇಳಿದುಹೋಗಿದೆ.

ಜೋಡಿಸಿದ ದಿನ ಅಮ್ಮ ಕೇಳಿದ್ದಳು: ‘ನಾವಾಡಿದ್ದನ್ನ ಯಾರಾದ್ರೂ ಕೇಳಿಸ್ಕೊಳ್ತಾರೇನೆ?’

‘ಮಷೀನು ಕೇಳಿಸ್ಕೊಳ್ಳುತ್ತೆ ಅಮ್ಮ, ಅಷ್ಟೇ’ ಅಂದಿದ್ದೆ. ಒಪ್ಪಿಗೆಯ ಬಟನ್ನನ್ನೂ ನಾನೇ ಒತ್ತಿದ್ದೆ. ಅರ್ಜೆಂಟಿತ್ತು. ಬಸ್ಸಿಗೆ ಹೊತ್ತಾಗಿತ್ತು.

ನಮ್ಮ ಕೆಲಸ ನೋಡಿಕೊಳ್ಳುವ ಗೈಡ್ ಇವತ್ತು ಪ್ರಾಜೆಕ್ಟ್ ನೋಡಿದರು. ಎಲ್ಲರೂ ಹೆಸರು ಹಿಡಿದೇ ಕರೆಯಬೇಕಂತೆ ಇಲ್ಲಿ. ನನಗೆ ನಾಲಿಗೆ ಹೊರಳದೆ ಮೇಡಂ ಎನ್ನುತ್ತೇನೆ, ಅವರು ಮುಖ ಕಿವುಚುತ್ತಾರೆ. ‘ಹೀಗೇ ಹೋದ್ರೆ ಓದು ಮುಗಿದ ತಕ್ಷಣ ಇಲ್ಲೇ ಕೆಲಸ. ನಾನು ಬರೆದು ಕೊಡ್ತೀನಿ’ ಅಂದರು. ಮೆಟ್ಟಿಲಲ್ಲಿ ಮೇಲೆ ಕೆಳಗೆ ಎರಡು ಸಲ ಓಡಾಡಿದೆ. ಕೂರಲು ಆಗಲಿಲ್ಲ.

ಜೂನ್ 11, ಬುಧವಾರ. ಊಟದ ಹೊತ್ತು

ಬರೆಯಲೋ ಬೇಡವೋ.

ಹೆಡ್‌ಫೋನಿನಲ್ಲಿ ಅಮ್ಮನ ದನಿ. ಮೊದಲು ಕುಕ್ಕರಿನ ಸೀಟಿ. ಆಮೇಲೆ ಅವಳು.

‘ಎದೇಲಿ ಒಂದು ಗಂಟಿದೆ. ನೋವೇನಿಲ್ಲ. ನೋವಿಲ್ದಿದ್ರೆ ಪರವಾಗಿಲ್ಲ ಅಲ್ವಾ?’

ಕ್ಷಮಿಸಿ, ಅರ್ಥವಾಗಲಿಲ್ಲ ಅಂತು ಸ್ಪೀಕರು. ಅಮ್ಮ ಮತ್ತೆ ಕೇಳಿದಳು. ನಿಧಾನವಾಗಿ, ಪುಟಾಣಿಗಳಿಗೆ ಪುಸ್ತಕ ಎಲ್ಲಿದೆ ಅಂತ ಹೇಳುವ ಹಾಗೆ. ‘ಗಂಟು. ಎದೇಲಿ. ಗಂಟು.’

‘ಈಗ ಗಂಟೆ ಹನ್ನೊಂದು ಇಪ್ಪತ್ತು.’

‘ಸರಿಯಪ್ಪಾ’ ಅಂದಳು ಅಮ್ಮ. ‘ಥ್ಯಾಂಕ್ಸ್.’

ಹೆಡ್‌ಫೋನ್ ತೆಗೆದಿಟ್ಟೆ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಅದೇ ದಿನ, ಸಂಜೆ

ಫೋನ್ ಮಾಡಿದೆ. ‘ಹೇಗಿದೀಯಮ್ಮಾ?’

‘ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ. ನೀನು ಹೊತ್ತಿಗೆ ಸರಿಯಾಗಿ ತಿಂತೀಯಾ?’

‘ಹೂಂ.’

‘ಏನೇ, ದನಿ ಒಂಥರಾ ಇದೆ?’

‘ಎಸಿ ಗಾಳಿ.’

ಇಬ್ಬರೂ ಸುಳ್ಳು. ಇಬ್ಬರಿಗೂ ಚೆನ್ನಾಗಿ ಅಭ್ಯಾಸ.

ಜೂನ್ 12, ಗುರುವಾರ

ಗಿಣಿಯನ್ನು ಸುಮ್ಮನೆ ಕೇಳುವವಳ ಹಾಗೆ ಕೇಳಿದೆ. ಗೊತ್ತಿರುವವರ ದನಿ ಬಂದರೆ ಏನು ಮಾಡಬೇಕು?

‘ತಕ್ಷಣ ನಿಲ್ಲಿಸಬೇಕು. ಕೆಂಪು ಬಟನ್ ಒತ್ತಬೇಕು. ಗೈಡ್‌ಗೆ ಹೇಳಬೇಕು. ಆ ಮನುಷ್ಯರ ಹತ್ರ ಬಾಯಿ ಬಿಡಬಾರದು. ಆ ಮನೆಯ ಬೇರೆ ಫೈಲು ಹುಡುಕಿದ್ರಂತೂ ಅವತ್ತೇ ಗೇಟ್ ಪಾಸ್.’ ಉಸಿರು ತೆಗೆದುಕೊಳ್ಳದೆ ಒಪ್ಪಿಸಿದ. ‘ಯಾಕೆ?’

‘ಯಾಕೂ ಇಲ್ಲ’ ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಯಿತು. ಗಿಣಿ ಇನ್ನೊಂದು ಸಲ ತಿರುಗಿ ನೋಡಿದ.

ಅವನು ಚಹಾಕ್ಕೆ ಎದ್ದು ಹೋದ. ನಮ್ಮ ಮನೆಯ ಸ್ಪೀಕರಿನ ನಂಬರಿನ ಮೇಲೆ ಕ್ಲಿಕ್ ಮಾಡಿದೆ. ಗಂಟು ಎಂದಿನಿಂದ ಇದೆ ಅಂತ ತಿಳಿದರೆ ಸಾಕು, ಅಷ್ಟೇ ಅಂದುಕೊಂಡು. ಸೋಸುವ ಮೊದಲಿನ ಫೈಲೆಲ್ಲ ಬಂತು. ಹೆಚ್ಚಿನವು ಅಪ್ಪನ ಕೂಗಾಟ. ಅಮ್ಮನವು ಕೆಲವು. ಒಂದರಲ್ಲಿ ‘ತಿಂಗಳ ಮೇಲಾಯ್ತು’ ಎನ್ನುತ್ತಾಳೆ. ಒಂದರಲ್ಲಿ— ‘ಅವಳ ಕೆಲಸ ಮುಗೀಲಿ. ಈಗ ಹೇಳಿದ್ರೆ ಬಿಟ್ಟು ಓಡಿ ಬರ್ತಾಳೆ. ಆಮೇಲೆ ನೋಡಿದ್ರಾಯ್ತು, ಅಲ್ವಾ?’ ಸ್ಪೀಕರು ಅದಕ್ಕೆ ನಾಳೆಯ ಹವಾಮಾನ ಹೇಳಿತು.

ಇನ್ನೊಂದು ಇತ್ತು. ಅಪ್ಪನ ಬಗ್ಗೆ. ಅದನ್ನು ಇಲ್ಲಿ ಕೂಡ ಬರೆಯುವುದಿಲ್ಲ.

ಜೂನ್ 15, ಭಾನುವಾರ

ಬೆಳಗಿನ ಬಸ್ಸಿಗೆ ಮನೆಗೆ ಹೋಗಿ ಬಂದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಅಮ್ಮ ಬೀನ್ಸ್ ಹೆಚ್ಚುತ್ತಿದ್ದಳು. ಅಪ್ಪ ಹೊರಗೆ ಸೈಕಲ್ ಒರೆಸುತ್ತಿದ್ದರು. ‘ಕಂಪನಿಯವರು ಮನೆಯವರಿಗೆಲ್ಲ ಹೆಲ್ತ್ ಚೆಕಪ್ ಮಾಡಿಸ್ತಾರಂತೆ, ಫ್ರೀ. ಮುಂದಿನ ವಾರ ಹೋಗೋಣ್ವಾ?’

‘ಕಂಡೋರ ಮನೆ ಕಂಪನಿಗೆ ನನ್ನ ಮೇಲೆ ಏನಷ್ಟು ಅಕ್ಕರೆ?’ ನಕ್ಕಳು. ‘ಪುಸ್ತಕದ ಲೆಕ್ಕ ಹಾಕೋ ಕಾಲ. ರಜೆ ಸಿಗಲ್ಲ.’

‘ಒಂದೇ ದಿನ ಅಮ್ಮ.’

‘ಮಳೆಗಾಲ ಮುಗೀಲಿ ನೋಡೋಣ.’

ಮಳೆಗಾಲ ಮುಗಿಯುವುದು ಅಂದರೆ ಎಷ್ಟು ತಿಂಗಳು. ಜೋಡಿಸಿಟ್ಟ ಮಾತೆಲ್ಲ ಚೆಲ್ಲಾಪಿಲ್ಲಿಯಾಯಿತು. ಬಾಯಿಂದ ಬಿದ್ದೇ ಹೋಯಿತು— ‘ಆ ಗಂಟು ದೊಡ್ಡದಾಗಿದೆಯಾ?’

ಚಾಕು ನಿಂತಿತು. ಅಮ್ಮ ಗ್ಯಾಸ್ ಆರಿಸಿದಳು. ನನ್ನನ್ನು ನೋಡಿದಳು. ಯಾರಿಗೂ ಹೇಳಿಲ್ಲ ಅಂತ ಅವಳಿಗೆ ಗೊತ್ತು. ನಿಧಾನವಾಗಿ ತಲೆ ತಿರುಗಿಸಿ ಸ್ಪೀಕರನ್ನು ನೋಡಿದಳು. ಹೋಗಿ ವೈರು ಕಿತ್ತಳು. ಕಿತ್ತ ವೈರನ್ನು ನೀಟಾಗಿ ಸುತ್ತಿದಳು.

‘ಮಷೀನು ಅಷ್ಟೇ ಅಂದಿದ್ದೆ ನೀನು.’

‘ಅಮ್ಮಾ, ನನ್ನ ಕೆಲಸಾನೇ ಅದು, ಅಕಸ್ಮಾತ್ತಾಗಿ—’

‘ಇನ್ನೇನೇನು ಕೇಳಿಸ್ಕೊಂಡೆ?’

‘ಅಷ್ಟೇ.’

ನಂಬಲಿಲ್ಲ. ಮುಖ ಕೆಂಪಗಾಯಿತು. ನಾನು ಹುಟ್ಟಿದಾಗಿನಿಂದ ನೋಡಿರದ ಮುಖ. ‘ನನ್ನ ಮೈ ವಿಷಯ ಕಣೆ ಅದು. ನಾನು ಹೇಳಿದ ಮೇಲೆ ನಿನಗೆ ಗೊತ್ತಾಗಬೇಕಿತ್ತು. ಈ ಮನೇಲಿ ಜೋರಾಗಿ ಹೇಳಿದ್ರೇ ಕೇಳಲ್ಲ. ಮೆಲ್ಲಗೆ ಹೇಳಿದ್ದು ಊರಿಗೆಲ್ಲ ಕೇಳಿದೆ.’

‘ಊರಿಗಲ್ಲ. ನನಗೊಬ್ಬಳಿಗೆ.’

‘ಆ ಡಬ್ಬೀಲಿ ಇದೆ ತಾನೆ ಇನ್ನೂ? ನಾಳೆ ಇನ್ಯಾರೋ ಕೇಳ್ತಾರೆ.’

ಗಿಣಿ ಕೇಳಬಹುದು. ಯಾರು ಬೇಕಾದರೂ.

ಆಸ್ಪತ್ರೆ ಅಂದೆ. ಬೆನ್ನು ಹಾಕಿ ನಿಂತಳು. ಊಟಕ್ಕೆ ಬಡಿಸಿದಳು. ಅಪ್ಪ ಮಾತ್ರ ಇವತ್ತು ಉಪ್ಪು ಕಮ್ಮಿ ಅಂತ ಹೇಳುತ್ತಲೇ ಇದ್ದರು.

ಜೂನ್ 16, ಸೋಮವಾರ

ಅಮ್ಮ ಫೋನ್ ಎತ್ತುತ್ತಿಲ್ಲ. ಮೂರನೇ ಸಲ ಅಪ್ಪ ಎತ್ತಿದರು.

‘ಅಪ್ಪಾ, ಅಮ್ಮನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗಿ.’

‘ಟ್ರ್ಯಾಕ್ಟರಾ?’

‘ಡಾಕ್ಟರು.’

‘ಯಾರ ಟ್ರ್ಯಾಕ್ಟರಮ್ಮ?’

ಇನ್ನೂ ಜೋರಾಗಿ ಕೂಗಿದರೆ ಹಾಸ್ಟೆಲ್ ಕಾರಿಡಾರಿಗೆಲ್ಲ ಕೇಳುತ್ತದೆ. ಇಟ್ಟುಬಿಟ್ಟೆ. ನಗು ಬಂತು. ನಿಲ್ಲಲಿಲ್ಲ. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ.

ಜೂನ್ 17, ಮಂಗಳವಾರ

ಗೈಡ್‌ಗೆ ಎಲ್ಲ ಹೇಳಿದೆ. ಗಾಜಿನ ಸಣ್ಣ ರೂಮು. ಅವರು ಲ್ಯಾಪ್‌ಟಾಪ್ ಮುಚ್ಚಿ ಕೇಳಿಸಿಕೊಂಡರು.

‘ಕೇಳಿದ್ದು ನಿನ್ನ ತಪ್ಪಲ್ಲ’ ಅಂದರು. ‘ಹುಡುಕಿದ್ದು ತಪ್ಪು. ಅದನ್ನ ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಸರಿನಾ? ಹೋಗಿ ಕೆಲಸ ಮಾಡು.’

‘ಅಮ್ಮಂದು ಅಳಿಸಬೇಕು ಮೇಡಂ.’

‘ಸ್ಪೀಕರ್ ವಾಪಸ್ ಕೊಡಲಿ. ಮುಂದಿನದು ನಿಲ್ಲುತ್ತೆ.’

‘ಹಿಂದಿನದು?’

ಮುಚ್ಚಿದ ಲ್ಯಾಪ್‌ಟಾಪ್ ತೆರೆದು ನಿಯಮ ತೋರಿಸಿದರು. ಒಮ್ಮೆ ಸೇರಿಕೊಂಡದ್ದನ್ನು ತೆಗೆಯಬೇಕೆಂದರೆ ಕಾರಣ ಕೊಡಬೇಕು. ಯಾರ ಮನೆ, ಹೇಗೆ ಗೊತ್ತಾಯಿತು, ಯಾವ ಯಾವ ಫೈಲು ತೆರೆದೆ. ಮೇಲಿನವರು ನೋಡುತ್ತಾರೆ.

‘ಎರಡು ದಿನ ಯೋಚನೆ ಮಾಡು. ನಿನ್ನಂಥೋರು ವರ್ಷಕ್ಕೆ ಒಬ್ರು ಇಬ್ರು ಸಿಗ್ತಾರೆ. ಇದು ಬೇಡಾಗಿತ್ತು.’

ಸೀಟಿಗೆ ಬಂದೆ. ಎದ್ದೆ. ನೀರು ಕುಡಿದೆ. ಕೂತೆ. ಮತ್ತೆ ಎದ್ದೆ. ಗಿಣಿ ಈ ಸಲ ಕಾಲಿನ ಬಗ್ಗೆ ಏನೂ ಅನ್ನಲಿಲ್ಲ. ತನ್ನ ಬಿಸ್ಕೆಟ್ ಪ್ಯಾಕೆಟ್ ನನ್ನ ಕಡೆ ತಳ್ಳಿದ.

ಮಧ್ಯಾಹ್ನ ಬರೆದು ಕಳಿಸಿದೆ. ತೆರೆದ ಫೈಲುಗಳೆಲ್ಲ. ಅಪ್ಪನ ಬಗ್ಗೆ ಇದ್ದದ್ದೂ ಸೇರಿ.

ಜೂನ್ 19, ಗುರುವಾರ

ಮುಗಿಯಿತು. ಎಚ್‌ಆರ್‌ನವರು ಬಯ್ಯಲಿಲ್ಲ, ಅದೇ ಕಷ್ಟ. ಬಹಳ ಸಭ್ಯವಾಗಿ ಮಾತಾಡಿದರು. ನೀನೇ ಬಂದು ಹೇಳಿದ್ದನ್ನು ಮೆಚ್ಚುತ್ತೇವೆ, ಆದರೆ ನಿಯಮ ನಿಯಮವೇ. ಇಂಟರ್ನ್‌ಶಿಪ್ ಇವತ್ತಿಗೆ ನಿಲ್ಲುತ್ತದೆ. ಕೆಲಸದ ಆಫರ್ ಪ್ರಶ್ನೆ ಇಲ್ಲ. ರೆಕಾರ್ಡಿಂಗ್‌ಗಳನ್ನು ಅಳಿಸಲಾಗಿದೆ. ಕೊನೆಯ ವಾಕ್ಯವನ್ನು ಇನ್ನೊಂದು ಸಲ ಹೇಳಿಸಿದೆ.

ನನ್ನ ಪ್ರೋಗ್ರಾಮ್ ಗಿಣಿಗೆ ಹೋಗುತ್ತದೆ. ಬೇಜಾರಾಗಲಿಲ್ಲ ಅಂತ ಬರೆದರೆ ಸುಳ್ಳು. ಹೊಟ್ಟೆ ಉರಿಯಿತು. ಚೆನ್ನಾಗಿ ಬಂದಿತ್ತು ಅದು. ಗೇಟಿನವರೆಗೂ ಬ್ಯಾಗ್ ಹೊತ್ತು ಬಂದ ಗಿಣಿ. ಒಪ್ಪಿಸಲು ಯಾವ ನಿಯಮವೂ ಸಿಗದೆ ‘ಬಸ್ಸಲ್ಲಿ ಕಿಟಕಿ ಪಕ್ಕ ಕೂತ್ಕೋ’ ಅಂದ.

ಜೂನ್ 24, ಮಂಗಳವಾರ

ಮನೆ. ನಾಲ್ಕು ದಿನ ಒಂದೇ ಸೂರಿನಡಿ ಅಮ್ಮನೂ ನಾನೂ ‘ನೀರು ಬಂತಾ’, ‘ಹಾಲು ಕಾಯಿಸು’ ಇಷ್ಟರಲ್ಲೇ ಸಂಸಾರ ನಡೆಸಿದೆವು. ಬೇಗ ಮುಗಿಯಿತು ಅಂತಷ್ಟೇ ಹೇಳಿದ್ದೆ. ಇವತ್ತು ಬಟ್ಟೆ ಒಣಹಾಕುವಾಗ ಅವಳೇ ಕೇಳಿದಳು.

‘ತೆಗೆದು ಹಾಕಿದ್ರಾ?’

‘ನನ್ನನ್ನಾ, ರೆಕಾರ್ಡಿಂಗಾ?’

‘ಎರಡೂ ಹೇಳು.’

ಹೇಳಿದೆ. ಎಲ್ಲ ಹೇಳಿದೆ. ಹುಡುಕಿ ಹುಡುಕಿ ಕೇಳಿದ್ದು, ಅಪ್ಪನ ಬಗ್ಗೆ ಅವಳು ಹೇಳಿದ್ದು ನನಗೆ ಗೊತ್ತಿರುವುದು. ಒದ್ದೆ ಸೀರೆಯ ಆಚೆ ಬದಿಯಲ್ಲಿದ್ದಳು, ಮುಖ ಕಾಣಲಿಲ್ಲ.

ಕ್ಲಿಪ್ಪು ಹಾಕಿ ಮುಗಿಸಿದ ಮೇಲೆ: ‘ಅದು ಸಿಟ್ಟಲ್ಲಿ ಅಂದಿದ್ದು. ಅವರಿಗೆ ಹೇಳಬೇಡ.’

‘ಹೇಳಿದ್ರೂ ಕೇಳಲ್ಲ ಬಿಡು ಅವರಿಗೆ.’

ಸೀರೆ ಅಲ್ಲಾಡಿತು. ನಗುತ್ತಿದ್ದಳು. ಮತ್ತೆ ನಿಂತಿತು.

‘ನಾಳೆ ರಜೆ ಹಾಕಿದೀನಿ. ಒಬ್ಬಳೇ ಹೋಗೋಣ ಅಂತಿದ್ದೆ.’

‘ನಾನೂ ಬರ್ಲಾ?’

‘ಬಾ. ಡಾಕ್ಟರ ರೂಮಿನ ಒಳಗೆ ಮಾತ್ರ ಬರಬೇಡ.’

ಜೂನ್ 25, ಬುಧವಾರ

ಸ್ಕ್ಯಾನ್ ಆಯಿತು. ಗಂಟಿಗೆ ಸೂಜಿ ಹಾಕಿ ಒಂಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಮುಂದಿನ ವಾರ ರಿಪೋರ್ಟು. ಬೆಂಚಿನಲ್ಲೇ ಕೂತಿದ್ದೆ, ಹೇಳಿದ ಹಾಗೆ. ಹೊರಗೆ ಬಂದವಳು ತಾನಾಗಿ ಎಷ್ಟು ಹೇಳಿದಳೋ ಅಷ್ಟೇ ಬರೆದಿದ್ದೇನೆ. ಇನ್ನೂ ಏನೋ ಇದೆ ಅನಿಸಿತು. ಕೇಳಲಿಲ್ಲ. ಅದಕ್ಕಿಂತ ಕಷ್ಟದ ಕೆಲಸ ಆ ಐದನೇ ಮಹಡಿಯಲ್ಲೂ ಮಾಡಿರಲಿಲ್ಲ.

ಜುಲೈ 2, ಬುಧವಾರ. ಆಸ್ಪತ್ರೆ

ಅದೇ ಕಾರಿಡಾರ್. ಅಪ್ಪನೂ ಬಂದಿದ್ದಾರೆ; ಅಮ್ಮ ನಿನ್ನೆ ಅವರ ಎದುರು ಕೂತು ಒಂದು ಚೀಟಿಯಲ್ಲಿ ಬರೆದು ತೋರಿಸಿದಳು. ಓದಿ, ಮಡಚಿ, ಹೋಗಿ ಸೈಕಲ್ ಒರೆಸಿದರು. ಇವತ್ತು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶರ್ಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಅಮ್ಮ ಒಳಗೆ ಹೋಗಿ ಹೊತ್ತಾಯಿತು. ಗೋಡೆಯ ಟಿವಿಯಲ್ಲಿ ಸದ್ದಿಲ್ಲ. ಅಪ್ಪ ನನ್ನ ಮಂಡಿಯ ಮೇಲೆ ಕೈ ಇಟ್ಟರು, ಕಾಲು ನಿಲ್ಲಿಸಲಿಕ್ಕೆ.

ನರ್ಸ್ ಒಂದು ಫೈಲು ಹಿಡಿದು ಒಳಗೆ ಹೋದಳು. ನಮ್ಮದೇ ಇರಬೇಕು. ನಮ್ಮದಲ್ಲದೆಯೂ ಇರಬಹುದು.

ಬಾಗಿಲು. ಅಮ್ಮ. ಮುಖ ನೋಡಿದರೆ ಏನೂ ತಿಳಿಯುತ್ತಿಲ್ಲ. ಅಪ್ಪನಿಗೆ ಕೈ ಮಾಡಿ ಕರೆದಳು. ಆಮೇಲೆ ನನ್ನ ಕಡೆ, ಇಡೀ ಕಾರಿಡಾರಿಗೆ ಕೇಳುವಷ್ಟು ಜೋರಾಗಿ— ‘ನೀನ್ಯಾಕೆ ಅಲ್ಲೇ ಕೂತಿದೀಯೇ? ಎದ್ದು ಬಾ ಒಳಗೆ.’

ಹೋಗುತ್ತಿದ್ದೇನೆ.