ಎಲ್ಲ ಬಣ್ಣಕ್ಕೂ ಒಂದೇ ಹುಳಿಯೇ?

ಕೊಳಚೆ ನೀರಿನ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನಿಮ್ಮ ಆದೇಶವನ್ನು ಅಕ್ಷರಶಃ ಪಾಲಿಸಿದ ತಪ್ಪಿಗೆ ನಮ್ಮ ಬಣ್ಣದ ಕಾರ್ಖಾನೆಗೆ ನೀವೇ ಬೀಗ ಜಡಿದಿದ್ದೀರಿ. ಮೀರಿದ್ದರೆ ಇಷ್ಟು ಹೊತ್ತಿಗೆ ಸುಖವಾಗಿರುತ್ತಿದ್ದೆವು.

ನಾವು ಸ್ವೆಟರ್ ಹೆಣೆಯುವ ಅಕ್ರಿಲಿಕ್ ನೂಲಿಗೆ ನೀಲಿ ಬಣ್ಣ ಹಾಕುವವರು. ನಾವೆಂದರೆ ನಾನು, ನನ್ನ ಗಂಡನ ಅಕ್ಕ, ಅಂದರೆ ನನ್ನ ಅತ್ತಿಗೆ, ಮತ್ತು ಇಬ್ಬರ ಮಾತನ್ನೂ ಕೇಳದ ಒಂದು ಹಳೇ ಬಾಯ್ಲರು. ಬಣ್ಣ ಹಿಡಿಯಲೆಂದು ತೊಟ್ಟಿಗೆ ಆಸಿಡ್ ಹಾಕುತ್ತೇವಾದ್ದರಿಂದ ಮಿಕ್ಕ ನೀರು ನೀಲಿಯೂ ಹೌದು, ಹುಳಿಯೂ ಹೌದು. ಅತ್ತಿಗೆ ಅದಕ್ಕೆ ಸುಣ್ಣ ಹಾಕಿ ಹುಳಿ ತೆಗೆದು, ಜೇಡಿಮಣ್ಣು ಕಲಸಿ ಬಿಡುತ್ತಿದ್ದರು. ಮಣ್ಣು ನೀಲಿಯನ್ನೆಲ್ಲ ಅಪ್ಪಿಕೊಂಡು ತಳಕ್ಕಿಳಿಯುತ್ತಿತ್ತು, ತಿಳಿನೀರು ಕಾಲುವೆಗೆ ಹೋಗುತ್ತಿತ್ತು. ಯಾರಿಗೂ ತೊಂದರೆ ಇರಲಿಲ್ಲ. ಇಲಾಖೆಗೆ ಅದೇ ತೊಂದರೆಯಾಗಿತ್ತೋ ಏನೋ.

ಎದುರಿನ ಕಾಲುಚೀಲದವರು ನೈಲಾನಿಗೆ ಕೆಂಪು ಹಾಕುತ್ತಾರೆ. ಅವರ ತೊಟ್ಟಿಯ ನೀರನ್ನು ಹುಳಿ ಮಾಡಿದಾಗ ಜೇಡಿಮಣ್ಣು ಕೆಂಪನ್ನು ಚೆನ್ನಾಗಿ ಹಿಡಿಯಿತು. ತಾವು ಅದನ್ನು ಕಣ್ಣಾರೆ ಕಂಡು, ಸಂತೋಷಪಟ್ಟು, ಮಣ್ಣು ಹಾಕುವ ಮುನ್ನ ಸಕಲರೂ ಆಸಿಡ್ ಹಾಕತಕ್ಕದ್ದು, ಮಣ್ಣು ತಳ ಸೇರಿದ ಮೇಲಷ್ಟೇ ಸುಣ್ಣ ಹಾಕಿ ನೀರು ಬಿಡತಕ್ಕದ್ದು ಎಂದು ಅಪ್ಪಣೆ ಹೊರಡಿಸಿದಿರಿ. ಕೆಂಪಿಗೆ ಆದದ್ದು ನೀಲಿಗೆ ಆಗಬಾರದೇ? ಆಗುವುದಿಲ್ಲ, ಮಾನ್ಯರೇ. ನೀರಿನಲ್ಲಿ ಜೇಡಿಮಣ್ಣಿನ ಮೈಮೇಲೆ ಋಣ ವಿದ್ಯುದಂಶವಿರುತ್ತದೆ, ನಮ್ಮ ನೀಲಿಯದು ಧನ. ಎರಡಕ್ಕೂ ಬಲು ಸೆಳೆತ. ಆಸಿಡ್ ಸುರಿದರೆ ಅದರ ಧನ ಕಣಗಳು ಮೊದಲೇ ನುಗ್ಗಿ ಸೀಟು ಹಿಡಿದು ಕೂರುತ್ತವೆ. ನಮ್ಮ ನೀಲಿ ಬಸ್ಸಿನ ಬಾಗಿಲಲ್ಲಿ ಜೋತುಬೀಳುತ್ತದೆ. ಕಾಲುಚೀಲದ ಕೆಂಪು ಋಣದ ಕಡೆಯದು. ನೀರು ಹುಳಿಯಾದಷ್ಟೂ ಧನ ಕಣ ಹೊತ್ತ ಮಣ್ಣು ಅದಕ್ಕೆ ಒಲಿಯುತ್ತದೆ. ಒಂದರ ಮದುವೆ ಇನ್ನೊಂದರ ವಿಚ್ಛೇದನ.

ಆದರೂ ಹಾಕಿದೆವು. ನೀರು ಹೆಚ್ಚುಕಡಿಮೆ ಬಂದ ಹಾಗೆಯೇ ನೀಲಿಯಾಗಿ ಹೊರಟಿತು. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮ್ಯಾನರ ಬಿಳಿ ಬಾತುಕೋಳಿಗಳು ಎಂದಿನಂತೆ ಕಾಲುವೆಗಿಳಿದು ನೀಲಿಯಾಗಿ ಮೇಲೆದ್ದವು. ಕುಂಟುಗಾಲೆಂದು ದಡದಲ್ಲೇ ಉಳಿದಿದ್ದ ಗಂಡು ಬಾತು ತನ್ನ ಸಂಸಾರದ ಗುರುತು ಸಿಗದೆ, ಕುಂಟುವುದನ್ನೂ ಮರೆತು, ಬೀದಿಯುದ್ದಕ್ಕೂ ಅವುಗಳನ್ನು ಅಟ್ಟಾಡಿಸಿತು. ಪೋಸ್ಟ್‌ಮ್ಯಾನರು ನಮ್ಮ ಬಾಗಿಲಿಗೆ ಬಂದು ನಿಂತರು. “ವಿಳಾಸ ಇಲ್ಲದ ಕಾಗದ ಎಷ್ಟೋ ತಲುಪಿಸಿದೀನಿ ಕಣಮ್ಮ. ಇವನ್ನ ಎಲ್ಲಿಗೆ ತಲುಪಿಸ್ಲಿ?” ಎಂದರು.

ಆಮೇಲೆ ತಾವು ದಯಮಾಡಿಸಿದಿರಿ. “ಆಸಿಡ್ ಸಾಲದು, ಇನ್ನೊಂದಿಷ್ಟು ಹಾಕಿ” ಎಂದಿರಿ. ಹಾಕಿದೆವು. ಮಣ್ಣು ಹಿಡಿದಿದ್ದ ಅಷ್ಟಿಷ್ಟು ನೀಲಿಯನ್ನೂ ಕಕ್ಕಿತು. ಬೀಗ ಬಿತ್ತು.

ಅತ್ತಿಗೆ ಅಷ್ಟಕ್ಕೇ ಬಿಡುವ ಹೆಂಗಸಲ್ಲ. ಬೀಗ ಬೀಳುವ ಮುನ್ನ ತೊಟ್ಟಿಯಿಂದ ತುಂಬಿಟ್ಟಿದ್ದ ನೀಲಿ ನೀರನ್ನು ಎರಡು ಬಕೆಟ್ಟಿನಲ್ಲಿ ಹೊತ್ತು ತಂದು ನಿಮ್ಮ ಕಚೇರಿಯ ವರಾಂಡದಲ್ಲಿಟ್ಟರು. ಒಂದಕ್ಕೆ ಆಸಿಡ್, ಇನ್ನೊಂದಕ್ಕೆ ಸುಣ್ಣ, ಎರಡಕ್ಕೂ ಮಣ್ಣು. ತಾವು ಬರುವ ಹೊತ್ತಿಗೆ ಸುಣ್ಣದ ಬಕೆಟ್ಟು ತಿಳಿಯಾಗಿತ್ತು.

“ಇದಕ್ಕೆ ಬಣ್ಣ ಹಾಕೋದನ್ನೇ ಮರ್ತಿದೀರಲ್ಲಮ್ಮ” ಎಂದಿರಿ.

“ಮರ್ತಿಲ್ಲ ಸಾರ್. ತಳ ನೋಡಿ” ಎಂದರು ಅತ್ತಿಗೆ.

ತಾವು ತಳ ನೋಡಿದಿರಿ. ಗೋಡೆ ಗಡಿಯಾರ ನೋಡಿದಿರಿ. “ಆದೇಶ ಅಂದ್ಮೇಲೆ ಎಲ್ಲರಿಗೂ ಒಂದೇ ಇರ್ಬೇಕಲ್ವಾ” ಎಂದು ಊಟಕ್ಕೆ ಹೊರಟಿರಿ. ನಿಮ್ಮ ಕಣ್ಣಿನ ಡಾಕ್ಟರು ಊರಿಗೆಲ್ಲ ಒಂದೇ ಕನ್ನಡಕ ಕೊಡುತ್ತಾರೆಯೇ?

ಬೀಗದ ಹಿಂದೆ ಒದ್ದೆ ನೂಲು ಮುಗ್ಗಲು ಹಿಡಿಯುತ್ತಿದೆ. ಚಳಿ ಶುರುವಾಗಿದೆ, ಹೆಣೆಯುವ ಹೆಂಗಸರು ಸೂಜಿ ಹಿಡಿದು ಸುಮ್ಮನೆ ಕೂತಿದ್ದಾರೆ. ಆದ್ದರಿಂದ ಬೀಗ ತೆಗೆಯಿರಿ. ಯಾವ ಬಣ್ಣ ಎಷ್ಟು ಹುಳಿಯಲ್ಲಿ ಮಣ್ಣಿಗೆ ಅಂಟುತ್ತದೆಂದು ಆಯಾ ತೊಟ್ಟಿಯಲ್ಲೇ ಪರೀಕ್ಷಿಸಿ ಆದೇಶವನ್ನು ತಿದ್ದಿರಿ. ತಿದ್ದುಪಡಿ ಎಂಬ ಮಾತು ಮುಜುಗರವೆನಿಸಿದರೆ ಸ್ಪಷ್ಟೀಕರಣವೆನ್ನಿ, ನಾನು ನಗುವುದಿಲ್ಲ. ಅತ್ತಿಗೆಯ ಬಗ್ಗೆ ಮಾತ್ರ ಖಾತ್ರಿ ಕೊಡಲಾರೆ.

ಇಂತಿ,
ಹೇಳಿದ ಮಾತು ಕೇಳಿ ಕೆಟ್ಟ
ನೂಲಿಗೆ ಬಣ್ಣ ಹಾಕುವವಳು